ಶಾಲಾ ಗ್ರಂಥಪಾಲಕರ ಆಪ್ತಬಂಧು : ಡಾ. ಎಸ್. ಆರ್. ರಂಗನಾಥನ್

ವಿದ್ಯಾಸಂಸ್ಥೆಯೊಂದರಲ್ಲಿ ಗಣಿತವನ್ನು ಬೋಧಿಸುವ ಉಪಾಧ್ಯಾಯರಿಗೆ ಸಂದೇಹವೊಂದು ಎದುರಾದರೆ ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬ ಗಣಿತೋಪಾಧ್ಯಾಯರಿರುತ್ತಾರೆ. ಭಾಷೆಯನ್ನು ಕಲಿಸುವವರಿಗೆ ಸಹಭಾಷಾ ಪಂಡಿತರಿರುತ್ತಾರೆ. ಆದರೆ ಗ್ರಂಥಾಲಯದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ವ್ಯಕ್ತಿ ಶಾಲೆಗೆ ಒಬ್ಬನೇ. ಯಾವ ಪುಸ್ತಕವನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಜೋಡಿಸಬೇಕು, ಹರಿದುಹೋದ ಪುಸ್ತಕಕ್ಕೆ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳನ್ನು ಅವನು ತನ್ನನ್ನೇ ಕೇಳಿಕೊಂಡು ತಾನೇ ಉತ್ತರಿಸಿಕೊಳ್ಳಬೇಕು. ಜ್ಞಾನಭಂಡಾರದ ನಡುವೆ ಕುಳಿತವನ ಈ ಒಂಟಿತನವು ಹೊರಗಿನವರ ಕಣ್ಣಿಗೆ ಸುಲಭವಾಗಿ ಕಾಣುವಂತಹುದಲ್ಲ.

ಈ ಒಂಟಿತನವನ್ನು ಅಧಿಕಾರ ವಹಿಸಿಕೊಂಡ ಮೊದಲನೆಯ ವಾರದಲ್ಲಿಯೇ ಉಂಡು, ಅದರಿಂದ ಓಡಿಹೋಗಲು ಹವಣಿಸಿ, ಬಳಿಕ ಅದನ್ನೇ ಗೆದ್ದು, ತನ್ನ ನಂತರದವರಿಗೆ ಶಾಸ್ತ್ರವನ್ನೂ ಸಂಘವನ್ನೂ ಶಿಕ್ಷಣವನ್ನೂ ಕಟ್ಟಿಕೊಟ್ಟ ಮಹನೀಯರು ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಭಾರತೀಯ ಗ್ರಂಥಾಲಯ ಶಾಸ್ತ್ರದ ಪಿತಾಮಹರೆಂದು ಅವರನ್ನು ಕರೆಯುವುದು ವಾಡಿಕೆ. ಅವರು ಮೂಲತಃ ಒಬ್ಬ ಉಪಾಧ್ಯಾಯರಾಗಿದ್ದರು ಮತ್ತು ಕೊನೆಯವರೆಗೂ ಉಪಾಧ್ಯಾಯರಾಗಿಯೇ ಉಳಿದರು ಎಂಬ ಸಂಗತಿಯನ್ನು ಶಾಲೆಗೆ ಸಂಬಂಧಪಟ್ಟ ನಾವೆಲ್ಲರೂ ಮುಖ್ಯವಾಗಿ ನೆನೆಯಬೇಕಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ 1892ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ರಂಗನಾಥನ್ ಜನಿಸಿದರು. ತಂದೆ ರಾಮಾಮೃತ ಅಯ್ಯರ್, ತಾಯಿ ಸೀತಾಲಕ್ಷ್ಮಿ. ಬಾಲಕನಿಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಪಿತೃವಿಯೋಗದ ನೋವಿನ ನಡುವೆಯೂ ವಿದ್ಯೆಯ ದಾರಿ ತಪ್ಪಲಿಲ್ಲ. ಊರಿನ ಹಿಂದೂ ಪ್ರೌಢಶಾಲೆಯಲ್ಲಿ ಓದು ಮುಗಿಸಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರಿಗೆ ದೊರೆತ ಗುರು. ಈ ಗುರುಶಿಷ್ಯ ಸಂಬಂಧವು ಕಾಲೇಜಿನ ಬಾಗಿಲಿನಲ್ಲಿಯೇ ಮುಗಿಯದೆ ಜೀವನದುದ್ದಕ್ಕೂ ಉಳಿಯಿತು.

ಉಪಾಧ್ಯಾಯನಾಗಬೇಕೆಂಬ ಹಂಬಲವಿದ್ದ ಆ ತರುಣನಿಗೆ ಒಂದು ಅಡ್ಡಿಯಿತ್ತು. ಮಾತು ತೊದಲುತ್ತಿತ್ತು. ಬೋಧನೆಯನ್ನೇ ಬದುಕಾಗಿಸಿಕೊಳ್ಳಬಯಸುವವನಿಗೆ ಇದಕ್ಕಿಂತ ದೊಡ್ಡ ತೊಡಕು ಬೇಕೆ? ಆದರೆ ಅವರು ಎದೆಗುಂದದೆ ಸತತ ಅಭ್ಯಾಸದಿಂದ ಅದನ್ನು ಹತೋಟಿಗೆ ತಂದುಕೊಂಡರು. ಸೈದಾಪೇಟೆಯ ಉಪಾಧ್ಯಾಯರ ಕಾಲೇಜಿನಲ್ಲಿ ಎಲ್.ಟಿ. ತರಬೇತಿಯನ್ನು ಮುಗಿಸಿದರು. ಮುಂದೆ ಸಾವಿರಾರು ಜನರ ಸಭೆಗಳಲ್ಲಿ, ನಾನಾ ದೇಶಗಳ ವಿದ್ವಾಂಸರ ನಡುವೆ ನಿಂತು ಮಾತನಾಡಿದ ರಂಗನಾಥನ್ ಹೀಗೆ ತೊದಲುನಾಲಿಗೆಯನ್ನು ಗೆದ್ದು ಬಂದವರು.

ಮಂಗಳೂರಿನ ಗಣಿತೋಪಾಧ್ಯಾಯರು

1917ರಲ್ಲಿ ಅವರು ಸರಕಾರಿ ಶಿಕ್ಷಣ ಇಲಾಖೆಯ ಸೇವೆಗೆ ಸೇರಿದರು. ಅವರ ಅಧ್ಯಾಪನ ಜೀವನದ ಆರಂಭವಾದದ್ದು ನಮ್ಮ ಕರಾವಳಿಯ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಎಂಬುದು ಕನ್ನಡ ನಾಡಿಗೆ ಅಭಿಮಾನದ ಸಂಗತಿ. ಅಲ್ಲಿಂದ ಕೊಯಮತ್ತೂರಿಗೆ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಅವರು ಹೋದರು. ತಾವು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳುವ ಪಾಠಕ್ರಮ ಅವರಿಗೆ ಒಗ್ಗಲಿಲ್ಲ. ವಿಷಯವನ್ನು ಸೂಚಿಸಿ, ವಿದ್ಯಾರ್ಥಿಗಳನ್ನು ಗ್ರಂಥಗಳ ಬಳಿಗೆ ಕಳುಹಿಸಿ, ಅವರೇ ಓದಿ ಬಂದದ್ದನ್ನು ತರಗತಿಯಲ್ಲಿ ಚರ್ಚಿಸುವ ಕ್ರಮವನ್ನು ರೂಢಿಸಿದರು. ಗ್ರಂಥಪಾಲಕರಾಗುವ ಮುನ್ನವೇ ಗ್ರಂಥಾಲಯದ ಮಹತ್ವವನ್ನು ಅವರು ತರಗತಿಯಲ್ಲಿ ಕಂಡುಕೊಂಡಿದ್ದರು.

ಇದೇ ಕಾಲದಲ್ಲಿ, 1921ರಿಂದ 1923ರವರೆಗೆ, ಮದರಾಸು ಉಪಾಧ್ಯಾಯರ ಸಂಘದ ಗಣಿತ ಮತ್ತು ವಿಜ್ಞಾನ ವಿಭಾಗಕ್ಕೆ ಅವರು ಕಾರ್ಯದರ್ಶಿಯಾಗಿದ್ದರು. ಸಮಾನ ವೃತ್ತಿಯವರು ಒಂದೆಡೆ ಕಲೆತು, ತಮ್ಮ ಅನುಭವವನ್ನು ಹಂಚಿಕೊಂಡರೆ ಒಬ್ಬೊಬ್ಬರ ಶಕ್ತಿಯೂ ಇಮ್ಮಡಿಯಾಗುತ್ತದೆ ಎಂಬ ಪಾಠವನ್ನು ಕಲಿಯಲು ಈ ಸೇವೆ ನೆರವಾಯಿತು. ಮುಂದೆ ಗ್ರಂಥಪಾಲಕರ ಸಂಘಗಳನ್ನು ಕಟ್ಟುವಾಗ ಈ ಪಾಠವೇ ಬಂಡವಾಳವಾಯಿತೆನ್ನಬಹುದು.

ಒಂದು ವಾರದ ಏಕಾಂತವಾಸ

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯನ್ನು ನಿರ್ಮಿಸಿ ಅರ್ಜಿಗಳನ್ನು ಕರೆಯಿತು. ಸುಮಾರು 900 ಅರ್ಜಿಗಳು ಬಂದವು. ವೃತ್ತಿಶಿಕ್ಷಣ ಪಡೆದವರು ದೊರೆಯುವುದೇ ದುರ್ಲಭವಾಗಿದ್ದ ಕಾಲವದು. ರಂಗನಾಥನ್ ಅವರಿಗೂ ಆ ವಿದ್ಯೆಯ ಪರಿಚಯವಿರಲಿಲ್ಲ. ಸಂದರ್ಶನಕ್ಕೆ ಮುನ್ನ ವಿಶ್ವಕೋಶದಲ್ಲಿ ಗ್ರಂಥಾಲಯವನ್ನು ಕುರಿತ ಲೇಖನವನ್ನು ಓದಿಕೊಂಡದ್ದಷ್ಟೇ ಅವರ ಸಿದ್ಧತೆ. ಮಿತ್ರರ ಒತ್ತಾಯಕ್ಕೆ ಅರ್ಜಿ ಹಾಕಿದ್ದ ಅವರಿಗೇ ಹುದ್ದೆ ದೊರೆಯಿತು. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಅಧ್ಯಾಪಕ ವೃತ್ತಿಗಿಂತ ಹೆಚ್ಚಿನ ವೇತನ, ವಿಶ್ವವಿದ್ಯಾನಿಲಯದ ಗೌರವ, ಸುತ್ತಲೂ ಪುಸ್ತಕಗಳು. ಇಷ್ಟಿದ್ದರೂ ಒಂದು ವಾರ ಕಳೆಯುವುದರೊಳಗೆ ಅವರ ಮನಸ್ಸು ಕುಗ್ಗಿಹೋಯಿತು. ತರಗತಿಯ ಕಲರವದಲ್ಲಿ ಬದುಕಿದವರಿಗೆ ಓದುಗರೇ ಸುಳಿಯದ ಆ ಮೌನ ಸೆರೆವಾಸದಂತೆ ತೋರಿತು. ಅವರು ನೇರವಾಗಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ, ತಮ್ಮನ್ನು ಹಿಂದಕ್ಕೆ ಕರೆದುಕೊಳ್ಳಬೇಕೆಂದು ಅಂಗಲಾಚಿದರು. ಪ್ರಾಂಶುಪಾಲರು ಸಹಾನುಭೂತಿಯಿಂದ ಒಂದು ಮಾರ್ಗವನ್ನು ತೋರಿಸಿದರು. ವಿಶ್ವವಿದ್ಯಾನಿಲಯವು ಹೇಗೂ ಇಂಗ್ಲೆಂಡಿಗೆ ಕಳುಹಿಸಲಿದೆ; ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬರಲಿ; ಆಗಲೂ ಮನಸ್ಸು ಬದಲಾಗದಿದ್ದರೆ ಹಳೆಯ ಕೆಲಸ ಕಾದಿರುತ್ತದೆ ಎಂಬುದು ಅವರ ಸಲಹೆ. ಆ ಹಿರಿಯರು ಅಂದು ಆತುರಪಟ್ಟು ಒಪ್ಪಿಬಿಟ್ಟಿದ್ದರೆ ಗಣಿತಕ್ಕೆ ಒಬ್ಬ ಉತ್ತಮ ಅಧ್ಯಾಪಕರು ಮರಳಿ ದೊರೆಯುತ್ತಿದ್ದರು. ಗ್ರಂಥಾಲಯ ಜಗತ್ತು ತನ್ನ ಆಚಾರ್ಯರನ್ನು ಕಳೆದುಕೊಳ್ಳುತ್ತಿತ್ತು.

ಇಂಗ್ಲೆಂಡಿನಲ್ಲಿ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಗ್ರಂಥಾಲಯ ಶಿಕ್ಷಣವನ್ನು ಪಡೆದರು. ಅಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದವರು ಕ್ರಾಯ್ಡನ್ ನಗರ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಬರ್ವಿಕ್ ಸೇಯರ್ಸ್. ಶಿಷ್ಯನ ಸತ್ತ್ವವನ್ನು ಗುರುತಿಸಿದ ಅವರು ಗ್ರಂಥಾಲಯಗಳನ್ನು ಪ್ರತ್ಯಕ್ಷವಾಗಿ ನೋಡುವಂತೆ ಪ್ರೋತ್ಸಾಹಿಸಿದರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಮಕ್ಕಳಿಗೆಂದು ಪ್ರತ್ಯೇಕ ಕೊಠಡಿ, ದುಡಿಯುವ ಜನರು ಸಂಜೆ ಬಂದು ಓದಿ ಹೋಗುವ ಶಾಖೆ, ಓದುಗನನ್ನು ಅತಿಥಿಯಂತೆ ಬರಮಾಡಿಕೊಳ್ಳುವ ಸಿಬ್ಬಂದಿ, ಇವುಗಳನ್ನು ಕಂಡಾಗ ಅವರ ಕಣ್ಣು ತೆರೆಯಿತು. ತಾವು ಸೆರೆಮನೆಯೆಂದು ಭಾವಿಸಿದ್ದುದು ಸಮಾಜದ ಪಾಠಶಾಲೆಯಾಗಬಲ್ಲುದೆಂಬುದು ಅರಿವಾಯಿತು.

ಒಂದು ದಿನ ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೊ ಎಂಬ ಆಟಿಕೆಯ ಪ್ರದರ್ಶನ ನಡೆದಿತ್ತು. ಕೆಲವೇ ಬಗೆಯ ಪಟ್ಟಿಗಳು, ಚಕ್ರಗಳು, ತಿರುಪುಗಳು. ಅವನ್ನೇ ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಬೇರೆ ಯಂತ್ರಗಳು. ವಿಷಯಗಳನ್ನೂ ಹೀಗೆಯೇ ಮೂಲ ಅಂಶಗಳಾಗಿ ಬಿಡಿಸಿ ಮರಳಿ ಜೋಡಿಸಬಹುದಲ್ಲವೆ ಎಂದು ಗಣಿತಜ್ಞನ ಮನಸ್ಸಿಗೆ ಹೊಳೆಯಿತು. ಆ ಅಂಶಗಳನ್ನು ಬೆಸೆಯುವ ತಿರುಪಾಗಿ ಅವರು ಆರಿಸಿಕೊಂಡದ್ದು ಎರಡು ಚುಕ್ಕಿಗಳ ಚಿಹ್ನೆಯನ್ನು. 1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣ ಪದ್ಧತಿಯ ಬೀಜ ಹೀಗೆ ಒಂದು ಮಕ್ಕಳ ಆಟಿಕೆಯಲ್ಲಿತ್ತು. 1925ರಲ್ಲಿ ಸ್ವದೇಶಕ್ಕೆ ಮರಳಿದ ರಂಗನಾಥನ್ ಹಳೆಯ ಕೆಲಸವನ್ನು ಮತ್ತೆ ಕೇಳಲೇ ಇಲ್ಲ.

ಉಪಾಧ್ಯಾಯರ ಮುಂದಿಟ್ಟ ಐದು ಸೂತ್ರಗಳು

ಮದರಾಸಿಗೆ ಬಂದವರೇ ಅವರು ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಪುಸ್ತಕಗಳನ್ನು ಹೊಸದಾಗಿ ವರ್ಗೀಕರಿಸಿದರು, ಓದುಗರಿಗೆ ನೆರವಾಗಲೆಂದೇ ಸಿಬ್ಬಂದಿಯನ್ನು ನಿಯೋಜಿಸಿದರು. ಆದರೆ ಮಾಡುವ ನೂರಾರು ಕೆಲಸಗಳಿಗೆ ಆಧಾರವಾದ ಮೂಲ ತತ್ತ್ವಗಳು ಯಾವುವು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. 1928ರಲ್ಲಿ, ಗುರು ರಾಸ್ ಅವರೊಡನೆ ನಡೆದ ಸಂಭಾಷಣೆಯಲ್ಲಿ ಮೊದಲನೆಯ ಸೂತ್ರ ಸ್ಪಷ್ಟರೂಪವನ್ನು ತಾಳಿತು. ಉಳಿದವು ಅದರ ಬೆನ್ನಿಗೆ ಬಂದವು. ಈ ಸೂತ್ರಗಳನ್ನು ಅವರು ಮೊಟ್ಟಮೊದಲು ಬಹಿರಂಗವಾಗಿ ವಿವರಿಸಿದ್ದು ಗ್ರಂಥಪಾಲಕರ ಸಭೆಯಲ್ಲಲ್ಲ. 1928ರ ಡಿಸೆಂಬರಿನಲ್ಲಿ ಚಿದಂಬರದಲ್ಲಿ ನೆರೆದಿದ್ದ ಪ್ರಾಂತೀಯ ಶಿಕ್ಷಣ ಸಮ್ಮೇಳನದಲ್ಲಿ, ಉಪಾಧ್ಯಾಯರ ಮುಂದೆ. ಗ್ರಂಥರೂಪದಲ್ಲಿ ಅವು ಪ್ರಕಟವಾದದ್ದು 1931ರಲ್ಲಿ.

ಆ ಐದು ಸೂತ್ರಗಳ ಆಶಯ ಸರಳವಾದುದು. ಪುಸ್ತಕ ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ. ಓದುಗರಲ್ಲಿ ಪ್ರತಿಯೊಬ್ಬರಿಗೂ ಅವರವರಿಗೆ ತಕ್ಕ ಪುಸ್ತಕ ಸಿಗಬೇಕು. ಪುಸ್ತಕಗಳಲ್ಲಿ ಪ್ರತಿಯೊಂದಕ್ಕೂ ಅದನ್ನು ಓದುವವರು ದೊರೆಯಬೇಕು. ಓದಲು ಬಂದವರ ಹೊತ್ತು ವ್ಯರ್ಥವಾಗಬಾರದು. ಗ್ರಂಥಾಲಯ ನಿಂತ ನೀರಲ್ಲ, ಬೆಳೆಯುವ ಜೀವಿ.

ಇವನ್ನು ಶಾಲೆಗೆ ಅನ್ವಯಿಸಿ ನೋಡಿದರೆ ಅವುಗಳ ಆಳ ತಿಳಿಯುತ್ತದೆ. ತಪಶೀಲಿನ ದಿನ ಒಂದು ಪುಸ್ತಕ ಕಡಿಮೆ ಬಂದರೆ ತನ್ನ ಸಂಬಳಕ್ಕೆ ಕತ್ತರಿ ಬೀಳುತ್ತದೆಂದು ಹೆದರುವ ಉಪಾಧ್ಯಾಯನು ಕಪಾಟಿಗೆ ಬೀಗ ಹಾಕುವುದು ಸಹಜ. ಅವನನ್ನು ದೂಷಿಸಿ ಪ್ರಯೋಜನವಿಲ್ಲ, ನಿಯಮವನ್ನು ತಿದ್ದಬೇಕು. ಬಳಸಿದ ಪುಸ್ತಕ ಸವೆಯುತ್ತದೆ, ಒಂದೆರಡು ಕಳೆಯುತ್ತವೆ. ಅದನ್ನು ವಿದ್ಯೆಯ ಖರ್ಚೆಂದು ಸಂಸ್ಥೆಯೇ ಹೊರಬೇಕು ಎಂಬ ನಿಲುವಿಗೆ ಮೊದಲನೆಯ ಸೂತ್ರ ನಮ್ಮನ್ನು ಕರೆದೊಯ್ಯುತ್ತದೆ. ಎರಡನೆಯದು ತರಗತಿಯ ಜಾಣನಿಗೆ ಮಾತ್ರವಲ್ಲದೆ ಹಿಂದಿನ ಸಾಲಿನ ಮಂದಗತಿಯ ಬಾಲಕನಿಗೂ ಅವನ ಮಟ್ಟದ ಪುಸ್ತಕ ಬೇಕೆಂದು ಕೇಳುತ್ತದೆ. ಮೂರನೆಯದು ದಾನಿಗಳು ಪ್ರೀತಿಯಿಂದ ಕೊಟ್ಟ ಪುಸ್ತಕ ಧೂಳು ತಿನ್ನದೆ ಮಗುವಿನ ಕೈಸೇರುವಂತೆ ನೋಡಿಕೊಳ್ಳುವ ಹೊಣೆಯನ್ನು ಗ್ರಂಥಪಾಲಕನ ಮೇಲೆ ಹೊರಿಸುತ್ತದೆ. ನಾಲ್ಕನೆಯದು ಕಾಲು ಗಂಟೆಯ ವಿರಾಮದಲ್ಲಿ ಓಡಿಬಂದ ವಿದ್ಯಾರ್ಥಿಯ ಕಾಲು ಗಂಟೆಗೆ ಬೆಲೆ ಕೊಡುತ್ತದೆ. ಐದನೆಯದು ಆಡಳಿತ ಮಂಡಳಿಗೆ ಸೇರಿದ್ದು. ಕಟ್ಟಡ ಕಟ್ಟಿ ಉದ್ಘಾಟಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ, ಪ್ರತಿ ವರ್ಷವೂ ಅದಕ್ಕೆ ಅನ್ನ ನೀರು ಬೇಕೆಂದು ನೆನಪಿಸುತ್ತದೆ.

ಸಂಘ, ಶಿಕ್ಷಣ, ಸಾಹಿತ್ಯ

ಸೂತ್ರಗಳನ್ನು ಹೇಳಿ ಕೈತೊಳೆದುಕೊಳ್ಳುವ ಸ್ವಭಾವ ರಂಗನಾಥನ್ ಅವರದಾಗಿರಲಿಲ್ಲ. ಒಂಟಿಯಾದ ಗ್ರಂಥಪಾಲಕನಿಗೆ ಮೂರು ಆಸರೆಗಳು ಬೇಕು. ಕಷ್ಟ ಸುಖ ಹೇಳಿಕೊಳ್ಳಲು ಸಂಘ, ಕೆಲಸ ಕಲಿಯಲು ಶಿಕ್ಷಣ, ಸಂದೇಹ ಬಂದಾಗ ತೆರೆದು ನೋಡಲು ಗ್ರಂಥ. ಈ ಮೂರನ್ನೂ ಒದಗಿಸಲು ಅವರು ಟೊಂಕ ಕಟ್ಟಿದರು.

1928ರ ಜನವರಿಯಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪಿತವಾಯಿತು. ರಂಗನಾಥನ್ ಅದರ ಸ್ಥಾಪಕ ಕಾರ್ಯದರ್ಶಿಗಳಾಗಿ 1945ರವರೆಗೆ ದುಡಿದರು. ಸಂಘವು 1929ರಲ್ಲಿ ಬೇಸಗೆಯ ತರಬೇತಿ ಶಾಲೆಯನ್ನು ಪ್ರಾರಂಭಿಸಿತು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದು ಸ್ನಾತಕೋತ್ತರ ಡಿಪ್ಲೊಮಾ ಆಗಿ ಬೆಳೆಯಿತು. ಇದೇ ಚಳವಳಿಯ ಹುರುಪಿನಲ್ಲಿ 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತು. ಅದನ್ನು ರೂಪಿಸಿದವರು ನಿವೃತ್ತ ಎಂಜಿನಿಯರ್ ಕನಕಸಭೈ ಪಿಳ್ಳೆಯವರು. ಹಳ್ಳಿಯ ಜನ ಗ್ರಂಥಾಲಯಕ್ಕೆ ಬರಲಾಗದಿದ್ದರೆ ಗ್ರಂಥಾಲಯವೇ ಹಳ್ಳಿಗೆ ಹೋಗಲಿ ಎಂಬ ಆ ಏರ್ಪಾಟಿನಲ್ಲಿ ಒಬ್ಬ ದಾನಶೀಲ ನಾಗರಿಕನ ಉದಾರತೆಯೂ ಸಂಘದ ದೃಷ್ಟಿಯೂ ಒಂದಾಗಿದ್ದವು.

ಗ್ರಂಥಗಳ ವಿಷಯದಲ್ಲಂತೂ ಅವರದು ಅಖಂಡ ಕಾಯಕ. 1934ರಲ್ಲಿ ಸೂಚೀಕರಣದ ಸಂಹಿತೆ, 1935ರಲ್ಲಿ ಗ್ರಂಥಾಲಯದ ಆಡಳಿತ, 1937ರಲ್ಲಿ ವರ್ಗೀಕರಣದ ಸಿದ್ಧಾಂತ, ಹೀಗೆ ವೃತ್ತಿಯ ಒಂದೊಂದು ಮಗ್ಗುಲಿಗೂ ಒಂದೊಂದು ಆಕರಗ್ರಂಥವನ್ನು ಬರೆದರು. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನೇ ಕುರಿತು ಒಂದು ಸ್ವತಂತ್ರ ಗ್ರಂಥವನ್ನು ರಚಿಸಿದರು. ದೂರದ ಊರಿನಲ್ಲಿ ಕೇಳುವವರಿಲ್ಲದೆ ಕುಳಿತ ಶಾಲಾ ಗ್ರಂಥಪಾಲಕನಿಗೆ ಇಂತಹ ಪುಸ್ತಕ ಬರಿಯ ಪುಸ್ತಕವಲ್ಲ. ಪಕ್ಕದಲ್ಲಿ ನಿಂತ ಹಿರಿಯ ಸಹೋದ್ಯೋಗಿ.

ಅಖಿಲ ಭಾರತ ಮಟ್ಟದಲ್ಲಿ 1933ರಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿತು. 1944ರಿಂದ 1953ರವರೆಗೆ ರಂಗನಾಥನ್ ಅದರ ಅಧ್ಯಕ್ಷರಾಗಿದ್ದರು. ಅವರ ಅವಧಿಯಲ್ಲಿ, 1949ರಲ್ಲಿ, ಸಂಘದ ಪತ್ರಿಕೆ ಮೂರು ಭಾಗಗಳಾಗಿ ಹೊರಬರತೊಡಗಿತು. ಸಂಶೋಧನೆಗೆ ಒಂದು, ಸಂಘದ ವಾರ್ತೆಗಳಿಗೆ ಒಂದು, ಹಿಂದಿಯಲ್ಲಿ ಗ್ರಂಥಾಲಯವೆಂಬ ಹೆಸರಿನ ಇನ್ನೊಂದು. ವಿದ್ವಾಂಸರಿಗೂ ಸಾಮಾನ್ಯ ವೃತ್ತಿನಿರತರಿಗೂ ಒಂದೇ ಸೂರಿನಡಿಯಲ್ಲಿ ಸ್ಥಾನವಿರಬೇಕೆಂಬ ಆಶಯ ಈ ಏರ್ಪಾಟಿನಲ್ಲಿ ಎದ್ದು ಕಾಣುತ್ತದೆ.

ಬನಾರಸ್ಸಿನಿಂದ ದೆಹಲಿಗೆ

ಎರಡು ದಶಕಗಳ ಸೇವೆಯ ಬಳಿಕ ಮದರಾಸು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಅವರನ್ನು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರು 1945ರಲ್ಲಿ ಬರಮಾಡಿಕೊಂಡರು. ಅಲ್ಲಿ ಸುಮಾರು ಒಂದು ಲಕ್ಷ ಗ್ರಂಥಗಳ ವರ್ಗೀಕರಣವನ್ನು ಅವರು ಬಹುಮಟ್ಟಿಗೆ ಒಬ್ಬರೇ ನಡೆಸಿದರು. ವಿಶ್ರಾಂತಿಯ ವಯಸ್ಸಿನಲ್ಲಿ ಕೈಗೊಂಡ ಈ ದುಡಿಮೆ ಬೆರಗು ಹುಟ್ಟಿಸುವಂತಹುದು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಹೋಗಿ ಗ್ರಂಥಾಲಯ ಶಾಸ್ತ್ರದ ಉನ್ನತ ಪದವಿ ಶಿಕ್ಷಣಕ್ಕೆ ಬುನಾದಿ ಹಾಕಿದರು. ಆ ವಿಶ್ವವಿದ್ಯಾನಿಲಯ 1948ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಅದೇ ವರ್ಷ ಮದರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕೃತವಾಯಿತು. 1930ರಲ್ಲಿ ಬನಾರಸ್ಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಮಸೂದೆಯೊಂದನ್ನು ಮಂಡಿಸಿ ಅವರು ಆರಂಭಿಸಿದ್ದ ಪ್ರಯತ್ನ ಹದಿನೆಂಟು ವರ್ಷಗಳ ಮೇಲೆ ಫಲಿಸಿತು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಗ್ರಂಥಾಲಯ ಸಮಿತಿಗೂ ಅವರೇ ಅಧ್ಯಕ್ಷರು. 1959ರಲ್ಲಿ ಪ್ರಕಟವಾದ ಅದರ ವರದಿಯು ಗ್ರಂಥಾಲಯದ ಸಿಬ್ಬಂದಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನಮಾನ ಮತ್ತು ವೇತನ ಸಲ್ಲಬೇಕೆಂದು ಶಿಫಾರಸು ಮಾಡಿತು. ಗ್ರಂಥಪಾಲಕನು ಕಾವಲುಗಾರನೋ ಗುಮಾಸ್ತನೋ ಅಲ್ಲ, ಅವನೂ ಒಬ್ಬ ಶಿಕ್ಷಕ ಎಂಬ ತಮ್ಮ ಬಾಳಿನ ನಂಬುಗೆಯನ್ನು ಅವರು ಹೀಗೆ ಅಧಿಕೃತ ದಾಖಲೆಯ ಮಟ್ಟಕ್ಕೆ ಏರಿಸಿದರು.

ಬೆಂಗಳೂರಿನ ಸಂಧ್ಯಾಕಾಲ

ಕೆಲಕಾಲ ಜೂರಿಕ್ ನಗರದಲ್ಲಿಯೂ ಬಳಿಕ ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾನಿಲಯದಲ್ಲಿಯೂ ಇದ್ದ ರಂಗನಾಥನ್ ತಮ್ಮ ಬಾಳಿನ ಕೊನೆಯ ಘಟ್ಟಕ್ಕೆ ಬೆಂಗಳೂರನ್ನು ಆರಿಸಿಕೊಂಡರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವು ಇಲ್ಲಿ ಆರಂಭವಾಯಿತು. ಅವರು ಅಲ್ಲಿ ಗೌರವ ಪ್ರಾಧ್ಯಾಪಕರಾದರು. ಎ. ನೀಲಮೇಘನ್, ಜಿ. ಭಟ್ಟಾಚಾರ್ಯ, ಎಂ. ಎ. ಗೋಪಿನಾಥ್ ಮೊದಲಾದ ಶಿಷ್ಯರು ಅವರ ಸುತ್ತ ನೆರೆದರು. ದೇಶದ ಮೂಲೆ ಮೂಲೆಗಳಿಂದ ಗ್ರಂಥಪಾಲಕರು ಬೆಂಗಳೂರಿಗೆ ಬಂದು ವಿಚಾರಗೋಷ್ಠಿಗಳಲ್ಲಿ ಪಾಲ್ಗೊಂಡರು. 1965ರಲ್ಲಿ ಅಂದಿನ ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಜಾರಿಗೆ ತರುವಾಗ ಅವರ ಮಾರ್ಗದರ್ಶನದ ಲಾಭ ನಾಡಿಗೆ ದೊರೆಯಿತು. ಅದೇ ವರ್ಷ ಭಾರತ ಸರಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1957ರಲ್ಲಿಯೇ ಪದ್ಮಶ್ರೀ ಪ್ರಶಸ್ತಿ ಬಂದಿತ್ತು.

ದಾನಿಗಳು ಮನಗಾಣಬೇಕಾದ ಒಂದು ಸಂಗತಿ ಇಲ್ಲಿದೆ. ಧರ್ಮಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಲು ರಂಗನಾಥನ್ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿದರು. ಅದು ಪಿತ್ರಾರ್ಜಿತ ಸಂಪತ್ತಲ್ಲ, ವ್ಯಾಪಾರದ ಲಾಭವಲ್ಲ. ಸಂಬಳದ ಮೇಲೆ ಬಾಳಿದ ದಂಪತಿಗಳು ಜೀವಮಾನವೆಲ್ಲ ಮಿತವ್ಯಯದಿಂದ ಕೂಡಿಟ್ಟ ಹಣ. ಅಷ್ಟಕ್ಕೆ ನಿಲ್ಲದೆ 1961ರಲ್ಲಿ ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. ಉಪನ್ಯಾಸಗಳು, ಗ್ರಂಥಪ್ರಕಟಣೆ, 1964ರಲ್ಲಿ ಆರಂಭವಾದ ಶಾಸ್ತ್ರೀಯ ಪತ್ರಿಕೆ, ಇವುಗಳ ಮೂಲಕ ಆ ದತ್ತಿಯು ವೃತ್ತಿಬಾಂಧವರಿಗೆ ನೆರವಾಯಿತು. ತಾನು ಗಳಿಸಿದ್ದನ್ನು ತನ್ನ ವೃತ್ತಿಗೇ ಮರಳಿ ಒಪ್ಪಿಸಿದ ಇಂತಹ ನಿದರ್ಶನಗಳು ವಿರಳ.

ವ್ಯಕ್ತಿತ್ವ

ರಂಗನಾಥನ್ ಶಿಸ್ತಿನ ಮನುಷ್ಯ. ಮದುವೆಯ ದಿನವೂ ವಿಧಿಗಳು ಮುಗಿದೊಡನೆ ಗ್ರಂಥಾಲಯಕ್ಕೆ ಮರಳಿದವರೆಂಬುದು ಅವರ ವಿಷಯದಲ್ಲಿ ಪ್ರಸಿದ್ಧವಾದ ಸಂಗತಿ. ಉಡುಗೆ ಸರಳ, ಊಟ ಮಿತ, ದುಡಿಮೆ ಅಪಾರ. ಗಣಿತದ ಮೇಲಿನ ಮಮತೆಯೂ ಬತ್ತಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಜೀವನವನ್ನು ಕುರಿತ ಗ್ರಂಥವೊಂದು ಅವರಿಂದ ಹೊರಬಂದಿತು. ಅವರ ವರ್ಗೀಕರಣ ಪದ್ಧತಿ ವಿದ್ವತ್ ಪ್ರಪಂಚದಲ್ಲಿ ಮನ್ನಣೆ ಪಡೆದರೂ ಆಚರಣೆಯಲ್ಲಿ ಹೆಚ್ಚು ಹರಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮ ದೇಶದಲ್ಲಿಯೇ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯವರ ದಶಾಂಶ ಪದ್ಧತಿಯನ್ನು ಅನುಸರಿಸುತ್ತವೆ. ಆದರೆ ಯಾವ ಪದ್ಧತಿಯನ್ನು ಅನುಸರಿಸಿದರೂ ಏಕೆ ಅನುಸರಿಸುತ್ತೇವೆ ಎಂಬುದನ್ನು ಯೋಚಿಸಲು ಕಲಿಸಿದವರು ಅವರು. ಪದ್ಧತಿ ಬದಲಾಗಬಹುದು, ಪುಸ್ತಕ ಓದುಗನಿಗಾಗಿ ಇದೆ ಎಂಬ ಸತ್ಯ ಬದಲಾಗದು.

1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ದೇಹತ್ಯಾಗ ಮಾಡಿದರು. ಶಾಲಾ ಗ್ರಂಥಾಲಯದ ಚಿಂತನೆ ಕೊನೆಯವರೆಗೂ ಅವರನ್ನು ಬಿಟ್ಟಿರಲಿಲ್ಲ. ಹೊಸ ಶಿಕ್ಷಣಕ್ರಮ ಮತ್ತು ಶಾಲಾ ಗ್ರಂಥಾಲಯವನ್ನು ಕುರಿತು, ಅರ್ಧ ಶತಮಾನದ ಅನುಭವದ ಸಾರವಾಗಿ ಬರೆದ ಅವರ ಗ್ರಂಥ ಮರಣಾನಂತರ 1973ರಲ್ಲಿ ಪ್ರಕಟವಾಯಿತು. ಮಂಗಳೂರಿನ ತರಗತಿಯಲ್ಲಿ ಆರಂಭವಾದ ಉಪಾಧ್ಯಾಯನ ಪಯಣ ಮತ್ತೆ ಶಾಲೆಯ ಬಾಗಿಲಿಗೇ ಬಂದು ನಿಂತಿತು.

ಅವರ ಸ್ಮರಣಾರ್ಥವಾಗಿ ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನಾಗಿ ಆಚರಿಸುತ್ತಾರೆ. ಭಾವಚಿತ್ರಕ್ಕೆ ಮಾಲೆ ಹಾಕುವುದು ಸುಲಭ. ಆ ದಿನವಾದರೂ ಮುಖ್ಯೋಪಾಧ್ಯಾಯರು ತಮ್ಮ ಗ್ರಂಥಪಾಲಕರನ್ನು ಕರೆದು, ನೆರೆಯ ಶಾಲೆಗಳ ಗ್ರಂಥಪಾಲಕರೊಡನೆ ಕಲೆತು ಮಾತನಾಡಲು ಒಂದು ದಿನದ ಬಿಡುವು ಕೊಡಲಿ. ಹಳೆಯ ವಿದ್ಯಾರ್ಥಿಗಳು ಪುಸ್ತಕ ಕೊಡುವಾಗ ಯಾವ ಪುಸ್ತಕ ಬೇಕೆಂದು ಅವರನ್ನೇ ಕೇಳಲಿ. ಕಳೆದುಹೋದ ಪುಸ್ತಕಕ್ಕಾಗಿ ಅವರ ಕೈಯನ್ನು ಕಟ್ಟದಿರಲಿ. 1924ರಲ್ಲಿ ಮದರಾಸಿನ ಕೊಠಡಿಯೊಂದರಲ್ಲಿ ಕುಳಿತು ಓಡಿಹೋಗಬೇಕೆಂದು ಹಂಬಲಿಸಿದ ತರುಣನಿಗೆ ಒಬ್ಬ ಹಿರಿಯರ ಸಹಾನುಭೂತಿಯ ಮಾತು ಸಾಕಾಯಿತು. ಇಂದು ಯಾವುದೋ ಶಾಲೆಯ ಗ್ರಂಥಾಲಯದಲ್ಲಿ ಒಬ್ಬಂಟಿಯಾಗಿ ಕುಳಿತವರಿಗೆ ಅಂತಹ ಮಾತು ನಮ್ಮಿಂದ ದೊರೆತರೆ, ಅದೇ ಆ ಆಚಾರ್ಯರಿಗೆ ಸಲ್ಲುವ ನಿಜವಾದ ಗೌರವ.